ಟಿಕೆಟಿನಾಗ ಒಂದೂರು, ವಿಮಾನ ಇಳಿಯೋದು ಇನ್ನೊಂದೂರು: ಕಲಬುರಗಿ, ಬೀದರ, ಯಾದಗಿರಿಯವರು ಏನೇನು ನೋಡಬೇಕು?

ಪ್ರಶ್ನೆ | ಶಹಾಬಾದ್_ಹಾಸುಗಲ್ಲು

ವಾಚನಾಲಯದ ಗೋಡೆಗೆ ಹಚ್ಚಲಿಕ್ಕೆ ಒಂದು ಹಾಳಿ ತಯಾರ ಮಾಡಬೇಕಾಗ್ಯಾದ. ವಿಷಯ ಇಷ್ಟೇ: ವಿಮಾನ ನಿಲ್ದಾಣದ ಹೆಸರು ನೋಡಿ ಮೋಸ ಹೋಗೋದು. ನಮ್ಮ ಕಡೆಯಿಂದ ಓದಲಿಕ್ಕೆ, ದುಡಿಲಿಕ್ಕೆ, ಉಮ್ರಾಕ್ಕೆ, ದವಾಖಾನಿಗೆ ಅಂತ ವಿಮಾನ ಹತ್ತೋರು ಹೆಚ್ಚಾಗ್ಯಾರ. ಬಹಳ ಮಂದಿ ಮೊದಲನೇ ಸಲ ಹತ್ತೋರು. ಟಿಕೆಟ್ ಮೊಬೈಲಿಗೆ ಬರ್ತದ, ಊರಿನ ಹೆಸರು ಓದಿ "ಆಯ್ತು" ಅಂತ ಕುಂದರ್ತಾರ. ಹೊರಡೋ ದಿನ ನೋಡಿದ್ರ ಊರು ಅದೇ, ನಿಲ್ದಾಣ ಬ್ಯಾರೆ. ಇಲ್ಲಾ ನಿಲ್ದಾಣ ಅದೇ, ಟರ್ಮಿನಲ್ (ಮಂದಿ ಹತ್ತಿ ಇಳಿಯೋ ಕಟ್ಟಡ) ಬ್ಯಾರೆ.

ಕೇಳಬೇಕಾದದ್ದು ಮೂರು:

1. ನಮ್ಮ ಮೂರು ಜಿಲ್ಲಾದವರು ಹೆಚ್ಚಾಗಿ ಬಳಸೋ ನಿಲ್ದಾಣ ಯಾವುವು, ಅವುಗಳ ಹೆಸರಿನಾಗ ಎಲ್ಲಿ ಗೊಂದಲ ಅದ?
2. ಹೈದರಾಬಾದಿಗೆ ರೈಲಿನಾಗ ಅಥವಾ ಗಾಡಿ ಮಾಡಿಕೊಂಡು ಹೋಗೋರು ಎಲ್ಲಿ ಇಳಿಬೇಕು, ಎಲ್ಲಿ ತಿರುಗಬೇಕು?
3. ಟಿಕೆಟ್ ಕೈಗೆ ಬಂದ ಕೂಡಲೇ ಯಾವ ಸಾಲು ಓದಬೇಕು?

ಗೊತ್ತಿದ್ದವರು ದೂರ, ರಸ್ತೆ ಎಲ್ಲಾ ಹಾಕಿ ಬರೀರಿ. ಹಾಳಿ ಉದ್ದ ಆದ್ರೂ ನಡೀತದ.

---

ಉತ್ತರ 1 | ಸೇಡಂ_ನಾಕಾ

ಮೂರನೇ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದ ಎರಡಕ್ಕೂ ಬೇರು ಅದೇ. ಟಿಕೆಟಿನಲ್ಲಿ ಊರಿನ ಹೆಸರಿನ ಪಕ್ಕ ಇಂಗ್ಲಿಷಿನ ಮೂರು ದೊಡ್ಡಕ್ಷರ ಇರ್ತದೆ. ಓದಬೇಕಾದದ್ದು ಅದು. ಊರಿನ ಹೆಸರನ್ನು ಯಾರು ಹೇಗೆ ಬೇಕಾದರೂ ಬರೀಬಹುದು. ನೂರು ಕಿಲೋಮೀಟರ್ ಆಚೆಯ ರನ್‌ವೇಗೂ ದೊಡ್ಡ ಊರಿನ ಹೆಸರು ಹಚ್ಚಿ ಮಾರುವ ರೂಢಿ ಇದೆ. ಮೂರಕ್ಷರದ ಕೋಡು ಹಾಗಲ್ಲ, ಅದು ಒಂದೇ ನಿಲ್ದಾಣಕ್ಕೆ ಸೇರಿದ್ದು.

ನಮ್ಮ ಮನೆಬಾಗಿಲಿನ ನಿಲ್ದಾಣ ಕಲಬುರಗಿ. ಅದರ ಕೋಡು ಜಿಬಿಐ. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು, ನಿಲ್ದಾಣ ಉದ್ಘಾಟನೆ ಆದದ್ದು 2019ರ ನವೆಂಬರ್ 22ಕ್ಕೆ. ಆದರೂ ಕೋಡಿನಲ್ಲಿ ಗುಲ್ಬರ್ಗಾದ "ಜಿಬಿ" ಹಾಗೇ ಉಳಿದಿದೆ. ರೈಲಿನವರು ಹಳೆಯ ಜಿಆರ್ ಬಿಟ್ಟು ಕೆಎಲ್‌ಬಿಜಿ ಮಾಡಿದರು. ವಿಮಾನದ ಟಿಕೆಟಿನಲ್ಲಿ ಕೆಎಲ್‌ಬಿಜಿ ಹುಡುಕಿದರೆ ಸಿಗೋದಿಲ್ಲ. ಕೆಲವು ಬುಕಿಂಗ್ ತಾಣಗಳಲ್ಲಿ ಇನ್ನೂ "ಗುಲ್ಬರ್ಗಾ" ಅಂತಲೇ ತೋರಿಸುತ್ತದೆ, ಕಲಬುರಗಿಯ ಕಾಗುಣಿತ ಒಂದಕ್ಷರ ತಪ್ಪಿದರೂ ಊರೇ ಬರೋದಿಲ್ಲ. ನೇರವಾಗಿ ಜಿಬಿಐ ಅಂತ ಮೂರಕ್ಷರ ಹೊಡೆಯಿರಿ.

ಇಲ್ಲೇ ನೆಲದ ಮೇಲಿನ ಗೊಂದಲ ಒಂದಿದೆ, ಹೊರಗಿನಿಂದ ಬರುವ ನೆಂಟರಿಗೆ ಹೇಳಿಡಿ. ನಿಲ್ದಾಣ ಇರುವುದು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಹತ್ತಿರ, ಊರಿಂದ ಪೂರ್ವಕ್ಕೆ ಸುಮಾರು 14 ಕಿ.ಮೀ. ಭೀಮಾ ದಂಡೆ ಕಡೆ, ಬ್ಯಾರೇಜ್ ಇರುವ ಸರಡಗಿಯೇ ಬೇರೆ. ಆಟೋದವರಿಗೆ ಬರೀ "ಸರಡಗಿ" ಅನ್ನಬೇಡಿ, "ಸೇಡಂ ರೋಡ್ ಏರ್‌ಪೋರ್ಟ್" ಅನ್ನಿ.

ಬೀದರಿನ ಕೋಡು ಐಎಕ್ಸ್‌ಎಕ್ಸ್. ಇದು ವಾಯುಪಡೆಯ ನೆಲೆ. ರನ್‌ವೇ ಅವರದು, ಪ್ರಯಾಣಿಕರ ಟರ್ಮಿನಲ್ ಒಂದು ಬದಿಗೆ. ವಾಯುಪಡೆಯ ಮುಖ್ಯ ಗೇಟಿಗೆ ಹೋಗಿ ನಿಂತರೆ ಒಳಗೆ ಬಿಡೋದಿಲ್ಲ, ಸಿವಿಲ್ ಟರ್ಮಿನಲ್ಲಿನ ದಾರಿಯನ್ನೇ ಕೇಳಿಕೊಂಡು ಹೋಗಬೇಕು. ಅಲ್ಲಿ ಫೋಟೋ ತೆಗೆಯಲು ಹೋಗಬೇಡಿ. ಇನ್ನೊಂದು ಮಾತು: ಐಎಕ್ಸ್ ಅಂತ ಶುರುವಾಗುವ ಕೋಡು ಭಾರತದಲ್ಲಿ ಬಹಳ ಇವೆ. ಐಎಕ್ಸ್‌ಜಿ ಬೆಳಗಾವಿ, ಐಎಕ್ಸ್‌ಇ ಮಂಗಳೂರು, ಐಎಕ್ಸ್‌ಸಿ ಚಂಡೀಗಢ, ಐಎಕ್ಸ್‌ಎಂ ಮಧುರೈ. ಮೊದಲೆರಡು ಅಕ್ಷರ ನೋಡಿ ಬಿಟ್ಟರೆ ಸಾಲದು, ಮೂರನೆಯದೇ ಊರು ಹೇಳೋದು.

ಯಾದಗಿರಿಗೆ ನಿಲ್ದಾಣ ಇಲ್ಲ. ಅಲ್ಲಿಯವರಿಗೆ ಹತ್ತಿರದ್ದು ಕಲಬುರಗಿ, ದೊಡ್ಡದು ಹೈದರಾಬಾದ್.

ಕಲಬುರಗಿ, ಬೀದರ ಎರಡಕ್ಕೂ ಒಂದು ಎಚ್ಚರ. ಇಲ್ಲಿ ಹಾರಾಟ ನಿಲ್ಲೋದು, ಮತ್ತೆ ಶುರುವಾಗೋದು ಇದ್ದದ್ದೇ. ಬೀದರಿನಲ್ಲಿ 2020ರ ಫೆಬ್ರವರಿಯಲ್ಲಿ ಶುರುವಾದ ಸೇವೆ ನಡುವೆ ನಿಂತು ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಹಾಗಾಗಿ ಹಾಳೆಯಲ್ಲಿ ವಿಮಾನದ ಹೊತ್ತು ಅಚ್ಚು ಹಾಕಬೇಡಿ. ಕೋಡು, ರಸ್ತೆ, ದೂರ ಮಾತ್ರ ಹಾಕಿ. ಅವು ಬೇಗ ಹಳತಾಗೋದಿಲ್ಲ.

---

ಉತ್ತರ 2 | ಹುಮನಾಬಾದ್_ಕ್ರಾಸ್

ಎರಡನೇ ಪ್ರಶ್ನೆಗೆ ನಾ ಬರೀತೀನಿ. ನಮ್ಮ ಮೂರೂ ಜಿಲ್ಲಾದವರು ಹೊರದೇಶಕ್ಕ ಹೊಂಟ್ರ ಮೊದಲು ಮುಟ್ಟೋದು ಹೈದರಾಬಾದನ್ನೇ. ದಾರಿ ತಪ್ಪೋದೂ ಅಲ್ಲೇ.

ಹೈದರಾಬಾದಿನಾಗ ಎರಡು ನಿಲ್ದಾಣ ಅವ. ಹಳೇದು ಬೇಗಂಪೇಟ, ಊರ ನಡುವ. ಹೊಸಾದು ಶಂಷಾಬಾದ್, ರಾಜೀವ್ ಗಾಂಧಿ ಹೆಸರಿಂದು, 2008ರ ಮಾರ್ಚ್‌ನಾಗ ಶುರುವಾತು. ಮೊದಲು ಎಚ್‌ವೈಡಿ ಅನ್ನೋ ಕೋಡು ಬೇಗಂಪೇಟದ್ದೇ ಇತ್ತು. ಹೊಸ ನಿಲ್ದಾಣ ತೆರೆದಾಗ ಕೋಡು ಶಂಷಾಬಾದಿಗೆ ಹೋತು, ಬೇಗಂಪೇಟಕ್ಕ ಬಿಪಿಎಂ ಅಂತ ಬಂತು. ಈಗ ನಿಮ್ಮ ಟಿಕೆಟಿನಾಗ ಎಚ್‌ವೈಡಿ ಅಂತಿದ್ರ ಅದು ಶಂಷಾಬಾದೇ, ಎರಡನೇ ಮಾತಿಲ್ಲ. ಬೇಗಂಪೇಟದಾಗ ಮಂದಿ ಹತ್ತೋ ದಿನದ ವಿಮಾನ ಇಲ್ಲ. ಗಣ್ಯರ ವಿಮಾನ, ತರಬೇತಿ, ವೈಮಾನಿಕ ಪ್ರದರ್ಶನ ಇಂಥವಕ್ಕ ಅದು ಬಳಕಿ ಆಗ್ತದ.

ಮೋಸ ಎಲ್ಲಿ ಆಗ್ತದಂದ್ರ, ಕಲಬುರಗಿ ಮೇಲಿಂದ ಹೈದರಾಬಾದಿಗೆ ಹೋಗೋ ರೈಲು ವಾಡಿ, ತಾಂಡೂರ, ವಿಕಾರಾಬಾದ್, ಲಿಂಗಂಪಲ್ಲಿ ದಾಟಿ ಬೇಗಂಪೇಟ ಸ್ಟೇಷನ್ ಮೇಲೇ ಹೋಗ್ತದ. ಸ್ಟೇಷನ್ ಪಕ್ಕಕ್ಕೇ ಹಳೇ ವಿಮಾನ ನಿಲ್ದಾಣ. ಹಿರಿಯರು "ಬೇಗಂಪೇಟದಾಗ ಇಳಿ, ಏರ್‌ಪೋರ್ಟ್ ಅಲ್ಲೇ ಅದ" ಅಂತ ಹೇಳ್ತಾರ. 2008ರ ತನಕ ಆ ಮಾತು ಬರಾಬರಿ ಇತ್ತು. ಈಗ ಅಲ್ಲಿ ಇಳಿದ್ರ ಇಡೀ ಊರು ದಾಟಿ ದಕ್ಷಿಣಕ್ಕ ಹೋಗಬೇಕು.

ರೈಲಿನಾಗ ಹೋಗೋರು ತಮ್ಮ ಗಾಡಿ ಲಿಂಗಂಪಲ್ಲಿಗೆ ನಿಲ್ತದೇನು ಅಂತ ಮೊದಲೇ ನೋಡಿಕೊಂಡು ಅಲ್ಲೇ ಇಳೀರಿ. ಎಲ್ಲಾ ಗಾಡಿ ನಿಲ್ಲಂಗಿಲ್ಲ. ಲಿಂಗಂಪಲ್ಲಿಯಿಂದ ಗಚ್ಚಿಬೌಲಿ ಮೇಲೆ ಹೊರವರ್ತುಲ ರಸ್ತೆ, ಅಂದ್ರ ಓಆರ್‌ಆರ್ ಹಿಡಿದ್ರ ಊರೊಳಗ ಹೋಗೋ ಕೆಲಸ ಇಲ್ಲ. ನಿಲ್ದಾಣಕ್ಕ ಪುಷ್ಪಕ್ ಅಂತ ಸರ್ಕಾರಿ ಬಸ್ಸೂ ಅವ. ಸಿಕಂದರಾಬಾದ್, ನಾಂಪಲ್ಲಿ ತನಕ ಹೋಗಿ ಇಳಿದ್ರ ತಿರುಗಿ ಊರ ಟ್ರಾಫಿಕ್ಕಿನಾಗ ಸಿಗಬೀಳ್ತೀರಿ. ಬೀದರದಿಂದ ಬರೋ ಗಾಡಿನೂ ವಿಕಾರಾಬಾದಿನಾಗ ಇದೇ ಹಳಿಗೆ ಕೂಡ್ತದ, ಅವರಿಗೂ ಲಿಂಗಂಪಲ್ಲಿನೇ ಬೇಸ.

ಹೊತ್ತಿನ ಲೆಕ್ಕ ಹೀಂಗ ಹಾಕ್ರಿ. ಹೊರದೇಶದ ವಿಮಾನ ಇದ್ರ ನಿಲ್ದಾಣದಾಗ 3 ತಾಸು ಮುಂಚೆ ಇರಬೇಕು. ಲಿಂಗಂಪಲ್ಲಿಯಿಂದ ಗಾಡಿ ಹುಡುಕಿ ಮುಟ್ಟಲಿಕ್ಕೆ ಒಂದೂವರೆ ತಾಸು ಇಟ್ಟುಕೊಳ್ರಿ. ರೈಲು ತಡ ಆಗೋದಕ್ಕ ಇನ್ನೊಂದೂವರೆ. ಒಟ್ಟು 6 ತಾಸು. ರಾತ್ರಿ 9ಕ್ಕ ವಿಮಾನ ಅಂದ್ರ ಮಧ್ಯಾಹ್ನ 3ರೊಳಗ ಲಿಂಗಂಪಲ್ಲಿಗೆ ಬರೋ ಗಾಡಿ ಹಿಡೀಬೇಕು. 5ಕ್ಕ ಬರೋ ಗಾಡಿ ಹಿಡಿದ್ರ ನಸೀಬಿನ ಮೇಲೆ ಬಿಟ್ಟಂಗ.

ಇನ್ನ ರಸ್ತೆ. ಬೀದರದಿಂದ ಜಹೀರಾಬಾದ್, ಸದಾಶಿವಪೇಟ, ಸಂಗಾರೆಡ್ಡಿ ದಾಟಿ ಮುತ್ತಂಗಿ ಹತ್ತಿರ ಓಆರ್‌ಆರ್ ಹತ್ತಬೇಕು. ಒಟ್ಟು ಸುಮಾರು 150 ಕಿ.ಮೀ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬಂದ್ರೂ ಇದೇ ಜಾಗಕ್ಕ ಬರ್ತೀರಿ. ಇಲ್ಲಿ ಕಣ್ಣಿಟ್ಟು ನೋಡ್ರಿ. ಓಆರ್‌ಆರ್‌ಗೆ ಎಕ್ಸಿಟ್ (ಹತ್ತಿ ಇಳಿಯೋ ಜಾಗ) ನಂಬರು ಅವ, 1ರಿಂದ 19ರ ತನಕ. ಮುತ್ತಂಗಿ, ಪಟಾನ್‌ಚೆರು ಕಡೆಯದು 3. ಶಂಷಾಬಾದ್ 16. ಮೂರರಿಂದ ಹದಿನಾರು ಅಂದ್ರ 4, 5, 6 ಅಂತ ಏರಿಕೋತ ಹೋಗಬೇಕು ಅಂತ ಅನಿಸ್ತದ. ಹಂಗ ಹೋದ್ರ ಸುಲ್ತಾನಪುರ, ಮೇಡ್ಚಲ್, ಘಟಕೇಸರ ಅಂತ ಊರಿನ ಉತ್ತರ, ಪೂರ್ವ ಎಲ್ಲಾ ಸುತ್ತಿ ಬರ್ತೀರಿ. ಈ ರಸ್ತೆ ಬಳೆ ಇದ್ದಂಗ, ಪೂರ್ತಿ ಸುತ್ತು 158 ಕಿ.ಮೀ. ನಂಬರು ಇಳಿಯೋ ದಿಕ್ಕು ಹಿಡೀಬೇಕು: 3, 2 ಕೊಲ್ಲೂರ, 1 ಕೋಕಾಪೇಟ, ಅಲ್ಲಿಂದ 19 ನಾನಕ್‌ರಾಮ್‌ಗುಡ, 18 ಪೊಲೀಸ್ ಅಕಾಡೆಮಿ, 17 ರಾಜೇಂದ್ರನಗರ, 16 ಶಂಷಾಬಾದ್. ರ‍್ಯಾಂಪ್ ಹತ್ತೋ ಮುಂಚೆ ಹಸಿರು ಫಲಕದಾಗ "ಸುಲ್ತಾನಪುರ, ಮೇಡ್ಚಲ್" ಅಂತ ಕಂಡ್ರ ಆ ಬದಿ ಬಿಡ್ರಿ, "ಗಚ್ಚಿಬೌಲಿ, ಶಂಷಾಬಾದ್" ಇರೋ ಬದಿ ಹಿಡೀರಿ.

ಕಲಬುರಗಿಯಿಂದ ಸೇಡಂ, ಕೊಡಂಗಲ್, ಪರಿಗಿ, ಚೇವೆಳ್ಳ ಮೇಲೂ ದಾರಿ ಅದ, ಸುಮಾರು 220 ಕಿ.ಮೀ. ಇದು ಎಕ್ಸಿಟ್ 18ರ ಹತ್ತಿರ ಕೂಡ್ತದ, ಅಲ್ಲಿಂದ ಎರಡೇ ಎಕ್ಸಿಟ್. ಕಿಲೋಮೀಟರ್ ಕಮ್ಮಿ ಅದ ಖರೇ, ಆದ್ರ ರಾತ್ರಿ ಗಾಡಿಗೆ ಹುಮನಾಬಾದ್ ಹೆದ್ದಾರಿನೇ ಬೇಸ ಅಂತ ನನ್ನ ಅಭಿಪ್ರಾಯ. ನಾಲ್ಕು ಪಥ ಇರೋದ್ರಿಂದ ಎದುರು ಬರೋ ಲಾರಿ ದೀಪಕ್ಕ ಕಣ್ಣು ಕುಕ್ಕಂಗಿಲ್ಲ.

ಯಾದಗಿರಿಯವರು ಗುರುಮಠಕಲ್ ದಾಟಿ ಮಹಬೂಬನಗರ ಕಡಿಂದ 44ನೇ ಹೆದ್ದಾರಿ ಹಿಡಿದ್ರ ಜಡಚರ್ಲ, ಶಾದನಗರ ಆಗಿ ನೇರ ಶಂಷಾಬಾದಿಗೇ ಬರ್ತದ. ಹೈದರಾಬಾದ್ ಮುಟ್ಟೋ ಮುಂಚೇನೇ ನಿಲ್ದಾಣ ಸಿಗ್ತದ. ಈ ದಾರಿ ಹಿಡಿದವರಿಗೆ ಓಆರ್‌ಆರ್ ಚಿಂತಿನೇ ಇಲ್ಲ.

---

ಉತ್ತರ 3 | ಟೈಮ್‌ಟೇಬಲ್

ಮೇಲಿನ ಎಕ್ಸಿಟ್ ಲೆಕ್ಕ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರಲೇಬೇಕು. ನಾನು ಉಳಿದ ಊರುಗಳನ್ನು ಹೇಳುತ್ತೇನೆ.

ಮುಂಬೈ ಹೆಸರಿನ ಗೊಂದಲ ಎಲ್ಲಕ್ಕಿಂತ ದೊಡ್ಡದು. ಕಲಬುರಗಿಯಿಂದ ಹೋಗುವ ಅನೇಕ ರೈಲುಗಳು ಕೊನೆಗೊಳ್ಳುವುದು ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ. ವಿಮಾನ ನಿಲ್ದಾಣದ ಹೆಸರು ಛತ್ರಪತಿ ಶಿವಾಜಿ ಮಹಾರಾಜ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಒಂದೇ ಹೆಸರು, ಒಂದು ಊರಿನ ದಕ್ಷಿಣ ತುದಿಯಲ್ಲಿ, ಇನ್ನೊಂದು ಅಂಧೇರಿ ಕಡೆ. ಟ್ಯಾಕ್ಸಿಯವರಿಗೆ "ಶಿವಾಜಿ ಟರ್ಮಿನಲ್" ಅಂದರೆ ರೈಲು ನಿಲ್ದಾಣಕ್ಕೇ ಒಯ್ಯುತ್ತಾರೆ, ಅದು ಅವರ ತಪ್ಪಲ್ಲ. "ಏರ್‌ಪೋರ್ಟ್ ಟಿ1" ಅಥವಾ "ಏರ್‌ಪೋರ್ಟ್ ಟಿ2" ಅನ್ನಬೇಕು. ಎರಡಕ್ಕೂ ರನ್‌ವೇ ಒಂದೇ ಆದರೂ ರಸ್ತೆಯ ಬಾಗಿಲು ಬೇರೆ ಬೇರೆ. ಟಿ1 ಇರುವುದು ವಿಲೇಪಾರ್ಲೆ, ಸಾಂತಾಕ್ರೂಜ್ ಬದಿಗೆ, ಟಿ2 ಸಹಾರ್ ಬದಿಗೆ. ನಡುವೆ ನಡೆದು ಹೋಗಲು ಆಗುವುದಿಲ್ಲ.

ಈಗ ರೈಲಿನಿಂದ ಇಳಿದವರಿಗೆ ಒಳ್ಳೆಯ ದಾರಿ ಇದೆ. ಮೆಟ್ರೊ 3ನೇ ಮಾರ್ಗ 2025ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ. ಅದಕ್ಕೆ ಸಿಎಸ್‌ಎಂಟಿಯಲ್ಲೇ ನಿಲ್ದಾಣವಿದೆ, ವಿಮಾನ ನಿಲ್ದಾಣದ ಟಿ1ಕ್ಕೆ ಒಂದು, ಟಿ2ಕ್ಕೆ ಒಂದು ಪ್ರತ್ಯೇಕ ನಿಲ್ದಾಣವೂ ಇವೆ. ದಾದರ್‌ನಲ್ಲಿ ಇಳಿದು ಲೋಕಲ್ ಬದಲಿಸುವುದು ಹಳೆಯ ಪದ್ಧತಿ. ಎರಡು ಪೆಟ್ಟಿಗೆ ಇದ್ದವರು ರೈಲಿನ ಕೊನೆಯವರೆಗೆ ಹೋಗಿ ಅಲ್ಲಿಂದ ಮೆಟ್ರೊ ಹಿಡಿಯುವುದು ಮೇಲು.

ಇದರ ಮೇಲೆ ನವಿ ಮುಂಬೈ ಬಂದಿದೆ. ಕೋಡು ಎನ್‌ಎಂಐ. 2025ರ ಡಿಸೆಂಬರ್‌ನಿಂದ ಅಲ್ಲಿ ಪ್ರಯಾಣಿಕರ ವಿಮಾನ ಹಾರುತ್ತಿವೆ. ಹಳೆಯದು ಬಿಒಎಂ. ಬುಕಿಂಗ್‌ನಲ್ಲಿ "ಮುಂಬೈ, ಎಲ್ಲ ನಿಲ್ದಾಣಗಳು" ಅಂತ ಹುಡುಕಿದರೆ ಎರಡೂ ಒಂದರ ಕೆಳಗೊಂದು ಬರುತ್ತವೆ. ಇನ್ನೂರು ಮುನ್ನೂರು ರೂಪಾಯಿ ಅಗ್ಗ ಅಂತ ಒತ್ತಿಬಿಟ್ಟರೆ ನೀವು ಹೋಗಬೇಕಾದದ್ದು ಪನ್ವೇಲ್ ಹತ್ತಿರದ ಉಲ್ವೆಗೆ. ಕಲಬುರಗಿ, ಸೊಲ್ಲಾಪುರ, ಪುಣೆ ಮೇಲೆ ರಸ್ತೆಯಲ್ಲಿ ಬರುವವರಿಗೆ ಎನ್‌ಎಂಐ ವಾಸ್ತವದಲ್ಲಿ ಅನುಕೂಲ, ಎಕ್ಸ್‌ಪ್ರೆಸ್‌ವೇ ಇಳಿಯುವ ಬದಿಗೇ ಇದೆ. ರೈಲಿನಲ್ಲಿ ಸಿಎಸ್‌ಎಂಟಿಗೆ ಹೋಗಿ ಮತ್ತೆ ಹಿಂದಕ್ಕೆ ಬರುವವರಿಗೆ ಅಲ್ಲ. ಹೋಗುವ ಬಗೆ ಮೊದಲು ಗೊತ್ತುಮಾಡಿ, ಆಮೇಲೆ ನಿಲ್ದಾಣ ಆರಿಸಿ.

ಗೋವಾದಲ್ಲೂ ಎರಡು. ದಾಬೋಲಿಂ ಜಿಒಐ, ಮೋಪಾ ಜಿಒಎಕ್ಸ್. ಮೋಪಾದಿಂದ ವಿಮಾನ ಹಾರಲು ಶುರುವಾದದ್ದು 2023ರ ಜನವರಿಯಲ್ಲಿ. ಮೋಪಾ ರಾಜ್ಯದ ಉತ್ತರ ತುದಿ, ದಾಬೋಲಿಂ ವಾಸ್ಕೋ ಬಳಿ. ಕೋಡಿನಲ್ಲಿ ಕೊನೆಯ ಒಂದೇ ಅಕ್ಷರ ಬೇರೆ, ರಸ್ತೆಯಲ್ಲಿ 60 ಕಿ.ಮೀ.ಗೂ ಹೆಚ್ಚು ಅಂತರ. ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತುವ ಟಿಕೆಟನ್ನು ತಾಣಗಳು ಜೋಡಿಸಿ ಕೊಡುವುದುಂಟು.

ದೆಹಲಿಗೆ ಬಂದರೆ, ಕಲಬುರಗಿಗೂ ಹಿಂಡನ್‌ಗೂ ಹಿಂದೆ ನೇರ ವಿಮಾನ ಇದ್ದುದರಿಂದ ನಮ್ಮವರಿಗೆ ಈ ಹೆಸರು ಪರಿಚಯ. ಹಿಂಡನ್ ವಾಯುಪಡೆ ನೆಲೆ, ಉತ್ತರ ಪ್ರದೇಶದ ಗಾಜಿಯಾಬಾದಿಗೆ ಸೇರಿದ್ದು. ಕೋಡು ಎಚ್‌ಡಿಒ. ಇಂದಿರಾ ಗಾಂಧಿ ನಿಲ್ದಾಣ ಡಿಇಎಲ್, ಊರಿನ ಆಚೆ ಬದಿ. ಹಿಂಡನ್‌ನಲ್ಲಿ ಇಳಿದು ಡಿಇಎಲ್‌ನಿಂದ ಹೊರದೇಶಕ್ಕೆ ಹತ್ತುವವರು ಇಡೀ ದೆಹಲಿ ದಾಟಬೇಕು, ಸುಮಾರು 40 ಕಿ.ಮೀ. ಮೂರನೆಯದು ನೋಯ್ಡಾ ಹೆಸರಿನದು, ಕೋಡು ಡಿಎಕ್ಸ್‌ಎನ್. ಅದರ ಜಾಗ ನೋಯ್ಡಾ ಪಟ್ಟಣವಲ್ಲ, ಇನ್ನೂ ದಕ್ಷಿಣದ ಜೇವರ್.

ಬೆಂಗಳೂರಿಗೆ ನಿಲ್ದಾಣ ಒಂದೇ, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ, ಬಿಎಲ್‌ಆರ್. ಹಳೆಯ ಎಚ್‌ಎಎಲ್‌ನಿಂದ ಸಾಮಾನ್ಯ ಪ್ರಯಾಣಿಕರ ವಿಮಾನ 2008ರ ಮೇನಲ್ಲೇ ನಿಂತವು. ನೋಡಬೇಕಾದದ್ದು ಟರ್ಮಿನಲ್. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟಿ2. ದೇಶದೊಳಗಿನವು ಕಂಪನಿಗೆ ತಕ್ಕಂತೆ ಟಿ1 ಅಥವಾ ಟಿ2. ನಮ್ಮೂರಿನವರಿಗೆ ನೆನಪಿಡಲು ಒಂದು ಸಂಗತಿ: 2023ರ ಜನವರಿ 15ರಂದು ಬೆಂಗಳೂರಿನ ಟಿ2ನಿಂದ ಹೊರಟ ಮೊತ್ತಮೊದಲ ಪ್ರಯಾಣಿಕ ವಿಮಾನ ಬಂದದ್ದು ಕಲಬುರಗಿಗೇ. ರೈಲಿನಲ್ಲಿ ಬೆಂಗಳೂರಿಗೆ ಹೋಗಿ ವಿಮಾನ ಹತ್ತುವವರು ಮೆಜೆಸ್ಟಿಕ್‌ವರೆಗೆ ಹೋಗದೆ, ಗಾಡಿ ನಿಲ್ಲುವುದಾದರೆ ಯಲಹಂಕದಲ್ಲಿ ಇಳಿಯಿರಿ. ಸುಮಾರು ಅರ್ಧ ರಸ್ತೆಯ ಓಡಾಟ ತಪ್ಪುತ್ತದೆ. ಯಲಹಂಕದಲ್ಲಿ ಕಾಣುವ ರನ್‌ವೇ ವಾಯುಪಡೆಯದು, ಅದನ್ನು ನೋಡಿ ನಿಲ್ದಾಣ ಬಂತು ಅಂದುಕೊಳ್ಳಬೇಡಿ.

ಚಿಕ್ಕವು ಎರಡು. ಹಂಪಿಗೆ ಬರುವವರ ಟಿಕೆಟಿನಲ್ಲಿ "ವಿದ್ಯಾನಗರ" ಅಂತ ಇದ್ದರೆ ಅದು ತೋರಣಗಲ್ಲಿನ ಜಿಂದಾಲ್ ನಿಲ್ದಾಣ, ಹುಬ್ಬಳ್ಳಿಯ ವಿದ್ಯಾನಗರ ಅಲ್ಲ. ತಿರುಪತಿ ನಿಲ್ದಾಣ ಇರುವುದು ರೇಣಿಗುಂಟದಲ್ಲಿ.

---

ಶಹಾಬಾದ್_ಹಾಸುಗಲ್ಲು

ಭಾಳ ಛಲೋ ಆತು. ಎಕ್ಸಿಟ್ ನಂಬರಿಗೆ ಒಂದು ಬಳೆ ಚಿತ್ರಾನೇ ಬರಿಸ್ತೀವಿ. ಇನ್ನ ಹೊರದೇಶದ್ದು. ದುಬೈ, ಸೌದಿ, ಲಂಡನ್, ಅಮೆರಿಕ ಇಷ್ಟು ಹೇಳಿದ್ರ ಸಾಕು. ಉಮ್ರಾಕ್ಕ ಹೋಗೋರಿಗೆ ಪ್ಯಾಕೇಜ್ ಕಾಗದದಾಗ "ಮಕ್ಕಾ" ಅಂತಷ್ಟೇ ಬರೆದಿರ್ತದ, ಅದನ್ನ ಬಿಡಿಸಿ ಹೇಳ್ರಿ.

---

ಉತ್ತರ 4 | ಬಿದ್ರಿ_ಕುಸುರಿ

ಮಕ್ಕಾಕ್ಕೆ ವಿಮಾನ ನಿಲ್ದಾಣವೇ ಇಲ್ಲ. ಹತ್ತಿರದ್ದು ಜೆಡ್ಡಾ, ಕೋಡು ಜೆಇಡಿ. ಮದೀನಾಕ್ಕೆ ಸ್ವಂತ ನಿಲ್ದಾಣ ಇದೆ, ಎಂಇಡಿ. ಎರಡು ಪವಿತ್ರ ನಗರಗಳ ನಡುವೆ ಸುಮಾರು 450 ಕಿ.ಮೀ. ಆದ್ದರಿಂದ ಪ್ಯಾಕೇಜ್ ಕಾಗದದಲ್ಲಿ ನೋಡಬೇಕಾದದ್ದು ಇಳಿಯುವ ಕೋಡು ಯಾವುದು, ಮರಳುವಾಗ ಹತ್ತುವ ಕೋಡು ಯಾವುದು ಎಂಬುದು. ಜೆಇಡಿಯಲ್ಲಿ ಇಳಿದು ಎಂಇಡಿಯಿಂದ ಮರಳುವ ಟಿಕೆಟ್ ವಯಸ್ಸಾದವರಿಗೆ ಒಳ್ಳೆಯದು, ಅಷ್ಟು ದೂರ ಹಿಂದಕ್ಕೆ ಬರುವುದು ತಪ್ಪುತ್ತದೆ. ಎರಡೂ ಜೆಇಡಿ ಇದ್ದರೆ ಮದೀನಾದಿಂದ ಜೆಡ್ಡಾಕ್ಕೆ ಬಸ್ಸು ಯಾರದು, ಎಷ್ಟು ಹೊತ್ತಿಗೆ ಹೊರಡುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. ವೇಗದ ಹರಮೈನ್ ರೈಲು ಮಕ್ಕಾ, ಜೆಡ್ಡಾ, ಮದೀನಾ ಮೂರನ್ನೂ ಜೋಡಿಸುತ್ತದೆ, ಜೆಡ್ಡಾ ವಿಮಾನ ನಿಲ್ದಾಣದ ಟರ್ಮಿನಲ್ 1ರಲ್ಲೇ ಅದರ ಸ್ಟೇಷನ್ ಇದೆ. ಉತ್ತರ ಟರ್ಮಿನಲ್‌ನಲ್ಲಿ ಅಥವಾ ಹಜ್ ಟರ್ಮಿನಲ್‌ನಲ್ಲಿ ಇಳಿದವರು ಅಲ್ಲಿಗೆ ಬೇರೆ ಹೋಗಬೇಕು.

ಸೌದಿಯಲ್ಲಿ ರಾಜರ ಹೆಸರಿನ ಗೊಂದಲವೂ ಇದೆ. ಕಿಂಗ್ ಅಬ್ದುಲಜೀಜ್ ಜೆಡ್ಡಾ, ಕಿಂಗ್ ಖಾಲಿದ್ ರಿಯಾಧ್, ಕಿಂಗ್ ಫಹದ್ ದಮ್ಮಾಮ್. ಧಹರಾನ್‌ನಲ್ಲಿ ಕಿಂಗ್ ಅಬ್ದುಲಜೀಜ್ ಹೆಸರಿನ ವಾಯುನೆಲೆಯೇ ಇದೆ. ಅಲ್ಲಿ ಈಗ ಪ್ರಯಾಣಿಕರ ವಿಮಾನ ಇಲ್ಲ. ಕೆಲಸ ಧಹರಾನ್, ಅಲ್ ಖೋಬರ್ ಅಂತಿದ್ದರೂ ಟಿಕೆಟಿನಲ್ಲಿ ಡಿಎಂಎಂ ಇದ್ದರೆ ಸರಿಯಾಗಿಯೇ ಇದೆ, ಗಾಬರಿ ಬೇಡ.

ದುಬೈಗೆ ಡಿಎಕ್ಸ್‌ಬಿ ಮತ್ತು ಡಿಡಬ್ಲ್ಯುಸಿ ಎರಡು. ಮೊದಲನೆಯದು ಊರೊಳಗಿನ ದೊಡ್ಡದು, ಎರಡನೆಯದು ಜೆಬೆಲ್ ಅಲಿ ಕಡೆಯ ಅಲ್ ಮಕ್ತೂಮ್. ಶಾರ್ಜಾ ಎಸ್‌ಎಚ್‌ಜೆ ಬೇರೆಯೇ. ಡಿಎಕ್ಸ್‌ಬಿಯ ಒಳಗೂ ಟರ್ಮಿನಲ್ 2 ರನ್‌ವೇಯ ಆಚೆ ಬದಿ. 1 ಮತ್ತು 3ಕ್ಕೆ ಮೆಟ್ರೊ ಇದೆ, 2ಕ್ಕೆ ಇಲ್ಲ. ಕರೆದೊಯ್ಯಲು ಬರುವವರಿಗೆ ಟರ್ಮಿನಲ್ ಸಂಖ್ಯೆಯನ್ನೂ ಹೇಳಿ.

ಲಂಡನ್ ಹೆಸರಿನಲ್ಲಿ ಹೀತ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್ ಎಲ್ಲ ಬರುತ್ತವೆ. ಇಲ್ಲಿ ಗಂಡಾಂತರ ದೂರದ್ದಲ್ಲ, ವೀಸಾದ್ದು. ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದರಿಂದ ಹತ್ತಬೇಕಾದರೆ ವಲಸೆ ಗೇಟು ದಾಟಿ ಹೊರಗೆ ಬರಲೇಬೇಕು. ನಿಲ್ದಾಣದೊಳಗೇ ಇರುವವರಿಗೆ ಕೊಡುವ ಟ್ರಾನ್ಸಿಟ್ ವೀಸಾ ಆಗ ಸಾಲುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರನ್ನು, ಬೇಕಾದ ವೀಸಾ ಇಲ್ಲದಿದ್ದರೆ, ಹೈದರಾಬಾದ್ ಕೌಂಟರಿನಲ್ಲೇ ತಡೆಯುತ್ತಾರೆ. ಟಿಕೆಟಿನಲ್ಲಿ "ನಿಲ್ದಾಣ ಬದಲಾವಣೆ" ಎಂದು ಸಣ್ಣಕ್ಷರದಲ್ಲಿ ಇರುತ್ತದೆ, ಆ ಸಾಲು ಕಂಡರೆ ಆ ಟಿಕೆಟ್ ಬಿಟ್ಟು ಬೇರೆ ನೋಡಿ.

ಯುರೋಪಿನಲ್ಲಿ ಓದುವವರು ಅಗ್ಗದ ವಿಮಾನ ಹಿಡಿಯುವಾಗ: "ಫ್ರಾಂಕ್‌ಫರ್ಟ್ ಹಾನ್" ಫ್ರಾಂಕ್‌ಫರ್ಟಿನಿಂದ ಸುಮಾರು 120 ಕಿ.ಮೀ. "ಪ್ಯಾರಿಸ್ ಬೋವೆ" ಸುಮಾರು 85. "ಸ್ಟಾಕ್‌ಹೋಮ್ ಸ್ಕಾವ್ಸ್ತಾ" ಸುಮಾರು 100. ಕಲಬುರಗಿಯ ಹೆಸರು ಹೇಳಿ ಸೊಲ್ಲಾಪುರದಲ್ಲಿ ಇಳಿಸಿದ ಹಾಗೆ. ಹೆಸರಿನಲ್ಲಿ ದೊಡ್ಡ ಊರಿನ ಜೊತೆ ಕೇಳದ ಇನ್ನೊಂದು ಹೆಸರು ಅಂಟಿದ್ದರೆ ಆ ಎರಡನೆಯದೇ ನಿಜವಾದ ಜಾಗ.

ಅಮೆರಿಕದಲ್ಲಿ ಡಲ್ಲಾಸ್‌ಗೆ ಡಿಎಫ್‌ಡಬ್ಲ್ಯು, ಡಿಎಎಲ್ ಎರಡು, ಹ್ಯೂಸ್ಟನ್‌ಗೆ ಐಎಎಚ್, ಎಚ್‌ಒಯು, ಶಿಕಾಗೋಕ್ಕೆ ಒಆರ್‌ಡಿ, ಎಂಡಿಡಬ್ಲ್ಯು. ನ್ಯೂಯಾರ್ಕ್ ಅಂತ ತೋರಿಸುವ ನೂಅರ್ಕ್, ಇಡಬ್ಲ್ಯುಆರ್, ನ್ಯೂಜೆರ್ಸಿ ರಾಜ್ಯದಲ್ಲಿದೆ, ಆದರೆ ಮ್ಯಾನ್‌ಹಟನ್‌ಗೆ ರೈಲು ಇರುವುದರಿಂದ ತೊಂದರೆ ಇಲ್ಲ. ಸ್ಯಾನ್ ಹೋಸೆ ಎಚ್ಚರದಿಂದ ನೋಡಿ: ಎಸ್‌ಜೆಸಿ ಕ್ಯಾಲಿಫೋರ್ನಿಯಾ, ಎಸ್‌ಜೆಒ ಕೋಸ್ಟರಿಕಾ ದೇಶ. ಹಾಗೆಯೇ ಸಿಡ್ನಿ ಅಂದರೆ ಎಸ್‌ವೈಡಿ ಇರಬೇಕು. ವೈಕ್ಯುವೈ ಇದ್ದರೆ ಅದು ಕೆನಡಾದ ನೋವಾ ಸ್ಕೋಶಿಯಾದ ಸಿಡ್ನಿ. ಕೆನಡಾದ ಕೋಡುಗಳು ಸಾಮಾನ್ಯವಾಗಿ ವೈ ಅಕ್ಷರದಿಂದ ಶುರುವಾಗುತ್ತವೆ, ಇದು ನೆನಪಿದ್ದರೆ ಸಾಕು.

---

ಉತ್ತರ 5 | ಸೇಡಂ_ನಾಕಾ

ಕೌಂಟರಿನಲ್ಲಿ ಮಾಡಬೇಕಾದದ್ದು ಉಳಿದಿದೆ, ಅದನ್ನೂ ಸೇರಿಸಿ.

ಪೆಟ್ಟಿಗೆ ತೂಕ ಮಾಡಿದ ಮೇಲೆ ಹಿಡಿಕೆಗೆ ಉದ್ದನೆಯ ಬಿಳಿ ಪಟ್ಟಿ ಸುತ್ತಿ ಅಂಟಿಸುತ್ತಾರೆ. ಅದರ ಮೇಲೆ ದೊಡ್ಡದಾಗಿ ಮೂರಕ್ಷರ ಇರುತ್ತದೆ, ಪೆಟ್ಟಿಗೆ ಕೊನೆಗೆ ಮುಟ್ಟುವ ಊರು ಅದು. ನಡುವೆ ಬದಲಿಸುವ ಊರುಗಳು ಸಣ್ಣಕ್ಷರದಲ್ಲಿ. ಬೆಲ್ಟಿನ ಮೇಲೆ ಹೋಗುವ ಮುಂಚೆ ಆ ದೊಡ್ಡಕ್ಷರ ಓದಿ. ಕಲಬುರಗಿಯಿಂದ ಬೆಂಗಳೂರು ಮೇಲೆ ದುಬೈಗೆ ಒಂದೇ ಟಿಕೆಟ್ ಇದ್ದು ಪಟ್ಟಿಯಲ್ಲಿ ಡಿಎಕ್ಸ್‌ಬಿ ಬಂದಿದ್ದರೆ ಪೆಟ್ಟಿಗೆ ದುಬೈಗೇ ಹೋಗುತ್ತದೆ. ಬಿಎಲ್‌ಆರ್ ಅಂತ ಬಂದಿದ್ದರೆ ಬೆಂಗಳೂರಿನಲ್ಲಿ ಇಳಿಸಿಕೊಂಡು ಮತ್ತೆ ಸಾಲಿನಲ್ಲಿ ನಿಂತು ಕೊಡಬೇಕು. ಅನುಮಾನ ಇದ್ದರೆ ಅಲ್ಲೇ "ನಡುವೆ ಲಗೇಜ್ ತಗೋಬೇಕಾ?" ಅಂತ ಕೇಳಿ. ಪಟ್ಟಿಯಿಂದ ಹರಿದು ಕೊಡುವ ಚೂರಿನಲ್ಲೂ ಅದೇ ಕೋಡು ಇರುತ್ತದೆ, ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿಕೊಳ್ಳಿ. ಪೆಟ್ಟಿಗೆ ಬಾರದಿದ್ದರೆ ಮೊದಲು ಕೇಳುವುದು ಆ ಚೂರನ್ನೇ. ಅಮೆರಿಕಕ್ಕೆ ಹೋಗುವವರು ಮಾತ್ರ, ಪಟ್ಟಿಯಲ್ಲಿ ಕೊನೆಯ ಊರೇ ಇದ್ದರೂ, ಸಾಮಾನ್ಯವಾಗಿ ಆ ದೇಶದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಪೆಟ್ಟಿಗೆ ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು.

ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದವರಿಗೆ ಇನ್ನೆರಡು ಎಚ್ಚರ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಹೊಣೆ ಇಲ್ಲ, ಅವರ ಲೆಕ್ಕದಲ್ಲಿ ನೀವು ಬರಲೇ ಇಲ್ಲ. ಮತ್ತೆ ತೂಕ: ಹೊರದೇಶದ ಟಿಕೆಟಿನಲ್ಲಿ 30 ಕೆ.ಜಿ. ಅಥವಾ 23 ಕೆ.ಜಿ.ಯ ಎರಡು ಪೆಟ್ಟಿಗೆ ಅಂತಿದ್ದರೂ ಕಲಬುರಗಿಯಿಂದ ಬೆಂಗಳೂರಿನ ಬೇರೆ ಟಿಕೆಟಿನಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಮಾತ್ರ. ಹೆಚ್ಚಿನ ಪ್ರತಿ ಕಿಲೋಗೆ ಇಲ್ಲೇ ಹಣ ಕಟ್ಟಬೇಕು. ನಮ್ಮಲ್ಲಿಗೆ ಬರುವ ವಿಮಾನಗಳು ಚಿಕ್ಕವು, 50 ಅಥವಾ 76 ಸೀಟಿನ ಎಂಬ್ರೇರ್, 70ರ ಆಸುಪಾಸಿನ ಎಟಿಆರ್. ತಲೆಮೇಲಿನ ಗೂಡೂ ಚಿಕ್ಕದು, ದೊಡ್ಡ ವಿಮಾನದಲ್ಲಿ ಹಿಡಿಸುವ ಚಕ್ರದ ಕೈಪೆಟ್ಟಿಗೆ ಇಲ್ಲಿ ಹಿಡಿಸದೇ ಹೋಗಬಹುದು. ಪಾಸ್‌ಪೋರ್ಟ್, ಔಷಧಿ, ಚಾರ್ಜರ್ ಇವನ್ನು ಆ ಪೆಟ್ಟಿಗೆಯಲ್ಲಿ ಇಡದೆ ಹೆಗಲಚೀಲದಲ್ಲಿ ಇಟ್ಟುಕೊಳ್ಳಿ.

ಹಾಳೆಯ ಮೇಲ್ಭಾಗದಲ್ಲಿ ಟಿಕೆಟಿನ ಒಂದು ಸಾಲನ್ನೇ ದೊಡ್ಡದಾಗಿ ಬರೆದು ನಾಲ್ಕು ಕಡೆ ಬಾಣ ಹಾಕಿ: ಹತ್ತುವ ಕೋಡು, ಅದರ ಟರ್ಮಿನಲ್, ಇಳಿಯುವ ಕೋಡು, ಅದರ ಟರ್ಮಿನಲ್. ಟರ್ಮಿನಲ್ ಸಂಖ್ಯೆ ಬದಲಾಗುವುದುಂಟು, ಅದಕ್ಕೆ ಹಿಂದಿನ ರಾತ್ರಿ ಕಂಪನಿಯ ತಾಣದಲ್ಲಿ ವಿಮಾನದ ನಂಬರು ಹಾಕಿ ಮತ್ತೊಮ್ಮೆ ನೋಡಿ ಅಂತ ಕೆಳಗೆ ಸೇರಿಸಿ.

---

ಹುಮನಾಬಾದ್_ಕ್ರಾಸ್

ಬಳೆ ಚಿತ್ರ ಬರಿಸೋರಿಗೆ ಒಂದು ಮಾತು. ಬೀದರ ಕಡಿಂದ ಬರೋರ ಕಣ್ಣಿಗೆ ಕಾಣೋ ಹಂಗ 3ನೇ ನಂಬರು ಎಡಗಡೆ ಮೇಲೆ ಬರಲಿ, 16 ಕೆಳಗ ಬರಲಿ, ನಡುವಿನ ಬಾಣ ಎಡಬದಿಯಿಂದ ಕೆಳಗ ಇಳೀಲಿ. ಉತ್ತರ ದಿಕ್ಕು ಮೇಲಿದ್ದ ನಕಾಶದಾಗ ಅದು ಹಂಗೇ ಕಾಣ್ತದ, ಡ್ರೈವರ್ ಮೊಬೈಲಿನ ನಕಾಶಕ್ಕೂ ತಾಳೆ ಆಗ್ತದ.